ತೆರೆಯ ಅಂಚು

ಎ.ವಿ. ಶೇಷಗಿರಿರಾವ್ ಅವರ ‘ಸೊಸೆ ತಂದ ಸೌಭಾಗ್ಯ’ ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರವಾಗಿ ತೆರೆಕಂಡದ್ದು ೧೯೭೭ರಲ್ಲಿ. ಅಂತಹ ಚಿತ್ರದ ರೀಲನ್ನು ಬೆಳಕಿಗೆ ಹಿಡಿದು ನೋಡಿದರೆ ವಿಷ್ಣುವರ್ಧನ್, ಮಂಜುಳಾ ಇಬ್ಬರೂ ಜೋಳದ ದಂಟಿನಂತೆ ಸಪೂರ! ಅಡ್ಡಗಲದಲ್ಲಿ ಅರ್ಧಕ್ಕೆ ಒತ್ತಿದ ಆ ಬಿಂಬವನ್ನು ತೆರೆಯ ಮೇಲೆ ಎರಡರಷ್ಟು ಬಿಡಿಸುವುದೇ ಅನಾಮಾರ್ಫಿಕ್ ಮಸೂರದ ಕೆಲಸ. ಒಳ್ಳೆಯ ವ್ಯಾಖ್ಯಾನಕಾರನ ಕೆಲಸವೂ ಇಷ್ಟೇ ಅಲ್ಲವೆ? ಕವಿ ಅಡಕಗೊಳಿಸಿದ್ದನ್ನು ಬಿಡಿಸಬೇಕು; ತನ್ನದನ್ನು ಬೆರೆಸಬಾರದು.

ಚಿತ್ರಮಂದಿರಗಳು ಡಿಜಿಟಲ್ ವ್ಯವಸ್ಥೆಗೆ ಹೊರಳಿದ ಮೇಲೆ ರೀಲಿನ ಪ್ರೊಜೆಕ್ಟರನ್ನು ಉಳಿಸಿಕೊಂಡವರು ವಿರಳ. ಅವರ ಹಳೆಯ ಮಸೂರ ಮಸುಕಾಗಿ ಬೇರೊಂದು ಬೇಕಾದಾಗ, ಮಾರುವವನು ತೆರೆಯ ನಡುವಿನ ಹೊಳಪನ್ನು ತೋರಿಸಿಯಾನು. ಅದನ್ನು ನೆಚ್ಚಬಾರದೆಂದು ನನ್ನ ವಾದ. ನಟ್ಟನಡುವೆ ಎಂತಹ ಮಸೂರವೂ ಸಜ್ಜನನೇ. ನೋಡಬೇಕಾದದ್ದು ಅಂಚನ್ನು. ಮೂಲ ಮಸೂರದಿಂದ ಹೊರಡುವ ಬೆಳಕನ್ನು ಪೂರ್ತಿ ಒಳಗೊಳ್ಳುವಷ್ಟು ಇದರ ಹಿಂಬದಿಯ ಗಾಜು ದೊಡ್ಡದಿರದಿದ್ದರೆ ಮೂಲೆಗಳು ಕಪ್ಪಿಡುತ್ತವೆ. ಯಂತ್ರಕ್ಕೂ ತೆರೆಗೂ ಇರುವ ದೂರಕ್ಕೆ ಇದನ್ನು ಹೊಂದಿಸಲು ಬಾರದಿದ್ದರೆ ಅಡ್ಡಗೆರೆ, ನಿಲುಗೆರೆಗಳು ಒಟ್ಟಿಗೆ ಸ್ಫುಟವಾಗವು. ಕೊಂಚ ತಿರುಚಿ ಕೂರಿಸಿದರಂತೂ ನೆಟ್ಟಗಿನ ಕಂಬವೂ ವಾಲೀತು. ಆದ್ದರಿಂದ ವೃತ್ತಗಳಿರುವ ಪರೀಕ್ಷಾ ರೀಲನ್ನು ತಮ್ಮ ಯಂತ್ರದಲ್ಲಿಯೇ ಓಡಿಸಿ, ಅಂಚಿನ ವೃತ್ತವೂ ವೃತ್ತವಾಗಿಯೇ ನಿಲ್ಲುವುದನ್ನು ಕಾಣದೆ ಹಣ ಕೊಡುವುದು ಸಲ್ಲದು.

ವಳಕಮದಿನ್ನಿಯಂತಹ ಊರಿನಿಂದ ಪೇಟೆಗೆ ಬಂದು, ಅಗ್ಗದ ಟಿಕೇಟು ಕೊಂಡು, ಮುಂದಿನ ಸಾಲಿನ ಮೂಲೆಯಲ್ಲಿ ಕುಳಿತವನ ಕಣ್ಣೆದುರಿಗೆ ಇರುವುದು ಆ ಅಂಚೇ. ಮಂಜುಳಾ ಅಲ್ಲಿ ಬಂದು ನಿಂತಾಗ ಅವನಿಗೂ ಮಂಜುಳಾ ಆಗಿಯೇ ಕಾಣಬೇಕು.