ಲಾರಿ ನಿಂತರೂ ಓಡುವ ಆದಾಯ

ಆನೆಕೊಂಡದಿಂದ ಹರಿಹರದವರೆಗೆ ಸ್ವಂತ ಲಾರಿಯ ಸ್ಟೇರಿಂಗ್ ತಾವೇ ಹಿಡಿದು ಮೆಕ್ಕೆಜೋಳ, ಅಕ್ಕಿ, ಮಂಡಕ್ಕಿ ಸಾಗಿಸುವವರನ್ನು ಟ್ರಾನ್ಸ್‌ಪೋರ್ಟ್ ಆಫೀಸಿನವರು ತಮ್ಮ ನೌಕರರೆಂದು ಎಣಿಸುವುದಿಲ್ಲ. ಲೋಡು ಕೊಡುತ್ತಾರೆ, ಬಾಡಿಗೆ ಕೊಡುತ್ತಾರೆ, ಅಲ್ಲಿಗೆ ಲೆಕ್ಕ ಚುಕ್ತಾ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಆದಾಯ ತೆರಿಗೆ ಇಲಾಖೆಯ ಕಣ್ಣಿಗೂ ಇವರು ವ್ಯಾಪಾರಸ್ಥರೇ. ವ್ಯಾಪಾರಸ್ಥನ ಹೊಣೆ ಹೇಗೂ ಹೆಗಲೇರಿದೆ. ಅವನಿಗಿರುವ ಅನುಕೂಲವೂ ದಕ್ಕಬೇಕಾದರೆ ತೆರಿಗೆ ಬೀಳದವರೂ ವರ್ಷಕ್ಕೊಮ್ಮೆ ರಿಟರ್ನ್ಸ್ ಸಲ್ಲಿಸುವುದು ಒಳ್ಳೆಯದು. ಹಾಗೆ ಸಲ್ಲಿಸಿದವರಿಗೆ ಸರ್ಕಾರವೂ ತನ್ನ ಲೆಕ್ಕದ ಒಂದು ಲೋಪ ತಿದ್ದಿಕೊಡಬೇಕು.

ಹತ್ತಕ್ಕಿಂತ ಹೆಚ್ಚು ಲಾರಿ ಇಲ್ಲದವರಿಗೆ ಕಾನೂನು ಸುಲಭದ ದಾರಿಯೊಂದನ್ನು ಕೊಟ್ಟಿದೆ. ಹಳೆಯ ಕಾಯ್ದೆಯ ಕಲಂ ಹಿಡಿದು ಆಡಿಟರುಗಳು 44ಎಇ ಎನ್ನುವುದು ಇದನ್ನೇ. ಡೀಸೆಲ್, ಟೋಲ್, ಟೈರಿನ ಚೀಟಿಗಳನ್ನು ಕೂಡಿಡಬೇಕಿಲ್ಲ. 12 ಟನ್ ಮೀರಿದ ಲಾರಿಗೆ ಪ್ರತಿ ಟನ್ನಿಗೆ ತಿಂಗಳಿಗೆ 1,000 ರೂಪಾಯಿ, ಅದಕ್ಕಿಂತ ಸಣ್ಣ ಗಾಡಿಗೆ ತಿಂಗಳಿಗೆ 7,500 ರೂಪಾಯಿ ಆದಾಯವೆಂದು ಇಲಾಖೆಯೇ ಊಹಿಸಿಕೊಳ್ಳುತ್ತದೆ. ಇಲ್ಲಿ ತೂಕವೆಂದರೆ ಹೇರಿದ ಸರಕಿನದಲ್ಲ, ಆರ್‌ಸಿಯಲ್ಲಿ ನಮೂದಾದ ಒಟ್ಟು ತೂಕ. 28 ಟನ್ನಿನ ಹತ್ತು ಚಕ್ರದ ಲಾರಿಗೆ ವರ್ಷಕ್ಕೆ 3.36 ಲಕ್ಷ. ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆಯೇ ಇಲ್ಲ. 12 ಲಕ್ಷದವರೆಗೂ ರಿಯಾಯಿತಿ ಸೇರಿ ಕಟ್ಟಬೇಕಾದದ್ದು ಸೊನ್ನೆ. ಎಡವುವುದು ಇಲ್ಲಿಯೇ. 42 ಟನ್ನಿನ ಲಾರಿಯ ಲೆಕ್ಕ 5.04 ಲಕ್ಷಕ್ಕೆ ಬರುತ್ತದೆ. ತೆರಿಗೆ ಸೊನ್ನೆಯಾದರೂ 4 ಲಕ್ಷ ದಾಟಿದ್ದರಿಂದ ರಿಟರ್ನ್ಸ್ ಕಡ್ಡಾಯ.

ನಮ್ಮ ಲೆಕ್ಕವನ್ನು ನಾವೇ ಒಪ್ಪಿಸಿ ನೋಟಿಸನ್ನು ಮೈಮೇಲೆ ಎಳೆದುಕೊಳ್ಳುವುದೇಕೆ ಎಂಬ ಆಕ್ಷೇಪವಿದೆ. ಫಾಸ್ಟ್ಯಾಗ್, ಇ-ವೇ ಬಿಲ್, ಬ್ಯಾಂಕಿಗೆ ಬಿದ್ದ ಬಾಡಿಗೆ ಎಲ್ಲವೂ ಲಾರಿಯ ಬೆನ್ನಿಗಿರುವಾಗ ಬಚ್ಚಿಡಲು ಉಳಿದಿರುವುದೇನು? ಸುಮ್ಮನಿದ್ದರೆ ನಷ್ಟವೇ ಹೆಚ್ಚು. ತನಗೆ ಹತ್ತಕ್ಕಿಂತ ಹೆಚ್ಚು ಲಾರಿ ಇಲ್ಲವೆಂದು ಪ್ಯಾನ್ ಸಮೇತ ಬರೆದುಕೊಡದವನ ಬಾಡಿಗೆ ಮಿತಿ ಮೀರಿದರೆ ಕೊಡುವವರು ಟಿಡಿಎಸ್ ಹಿಡಿಯಲೇಬೇಕು: ಪ್ಯಾನ್ ಕೊಟ್ಟಿದ್ದರೆ ಶೇ 1, ಕೊಡದಿದ್ದರೆ ಶೇ 20. ಪ್ಯಾನ್‌ಗೆ ಜಮೆಯಾದ ಹಣ ವಾಪಸು ಬರುವುದು ರಿಟರ್ನ್ಸ್ ಸಲ್ಲಿಸಿದರೆ ಮಾತ್ರ. ಅಪಘಾತದ ಮಾತು ಇನ್ನೂ ಗಂಭೀರ. ಎದುರು ವಾಹನದ ತಪ್ಪಿನಿಂದ ಡ್ರೈವರ್ ಕೈಕಾಲು ಕಳೆದುಕೊಂಡರೆ ನ್ಯಾಯಮಂಡಳಿ ಪರಿಹಾರದ ಲೆಕ್ಕ ಹಾಕುವುದು ಅವನ ಆದಾಯದ ಮೇಲೆ. ದಾಖಲೆ ಇಲ್ಲದಿದ್ದರೆ ಅಂದಾಜೇ ಗತಿ. ಆದಾಯ ನಿಗದಿಗೆ ರಿಟರ್ನ್ಸ್ ಗಟ್ಟಿ ಆಧಾರವೆಂದು ಸುಪ್ರೀಂ ಕೋರ್ಟ್ ಒಪ್ಪಿದೆ. ಆಡಿಟರ್ ಫೀಸನ್ನು ಈ ಲೆಕ್ಕಕ್ಕೆ ಹಿಡಿದು ನೋಡಬೇಕು.

ಇನ್ನೊಂದು ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. ಕಾನೂನು ಎಣಿಸುವುದು ಲಾರಿ ಓಡಿದ ತಿಂಗಳುಗಳನ್ನಲ್ಲ, ಅದು ಹೆಸರಿನಲ್ಲಿದ್ದ ತಿಂಗಳುಗಳನ್ನು. ಎಂಜಿನ್ ಬಿಚ್ಚಿ ಗ್ಯಾರೇಜಿನಲ್ಲಿ ನಿಂತರೂ ಟನ್ನಿಗೆ ಸಾವಿರ ಏರುತ್ತಲೇ ಇರುತ್ತದೆ. 28 ಟನ್ನಿನ ನಾಲ್ಕು ಲಾರಿ ಇಟ್ಟವನ ಆದಾಯ 13.44 ಲಕ್ಷವೆಂದಾಗಿ, ಸೆಸ್ ಸೇರಿ 84,864 ರೂಪಾಯಿ ತೆರಿಗೆ ಬೀಳುತ್ತದೆ. ಅದರಲ್ಲೊಂದು ಆರು ತಿಂಗಳು ನಿಂತಿತ್ತೆಂದು ಕಳೆಯಲು ಬಿಟ್ಟರೆ ಆದಾಯ 11.76 ಲಕ್ಷ, ತೆರಿಗೆ ಸೊನ್ನೆ. ಕಡಿಮೆ ಆದಾಯ ತೋರಿಸುವ ದಾರಿಯೇನೋ ಇದೆ, ಆದರೆ ಅದಕ್ಕೆ ಪೂರ್ತಿ ಲೆಕ್ಕಪುಸ್ತಕ ಬೇಕು, ಆಡಿಟ್ ಬೇಕು. ಸುಲಭದ ದಾರಿ ಯಾರಿಗಾಗಿ ಇತ್ತೋ ಅವರಿಂದಲೇ ಇದು ಆಗದ ಕೆಲಸ. ನಿಂತ ತಿಂಗಳು ಕಳೆಯಲು ಬಿಟ್ಟರೆ ಎಲ್ಲರೂ ಲಾರಿ ನಿಂತಿತ್ತೆಂದು ಸುಳ್ಳು ಹೇಳುತ್ತಾರೆ ಎನ್ನಬಹುದು. ಓಡಿಸದೆ ನಿಲ್ಲಿಸುವ ವಾಹನಕ್ಕೆ ಆರ್‌ಟಿಒಗೆ ಮೊದಲೇ ತಿಳಿಸಿ ರಸ್ತೆ ತೆರಿಗೆಯಿಂದ ವಿನಾಯಿತಿ ಪಡೆಯುವ ವ್ಯವಸ್ಥೆ ಕರ್ನಾಟಕದಲ್ಲೇ ಇದೆ. ಫಾಸ್ಟ್ಯಾಗ್ ದಾಖಲೆ ಅದಕ್ಕೆ ಸಾಕ್ಷಿ ಹೇಳುತ್ತದೆ. ಆರ್‌ಟಿಒ ಒಪ್ಪಿದ ಆ ತಿಂಗಳುಗಳನ್ನು ಆದಾಯ ತೆರಿಗೆ ಇಲಾಖೆಯೂ ಒಪ್ಪಲಿ ಎಂದು ಬರುವ ಬಜೆಟ್‌ಗೆ ಮುಂಚೆ ಲಾರಿ ಮಾಲೀಕರ ಸಂಘಗಳು ಹಣಕಾಸು ಸಚಿವಾಲಯಕ್ಕೆ ಬರೆಯಬೇಕು.