ನೆರಳು ಹೇಳುವ ನಿಜ

‘ಮೇಲೆ ಥಳಕು, ಒಳಗೆ ಹುಳುಕು’ ಎಂಬ ಗಾದೆ ಹಲ್ಲಿಗೆ ಒಪ್ಪುವಷ್ಟು ಬೇರಾವುದಕ್ಕೂ ಒಪ್ಪಲಾರದು. ಎರಡು ದವಡೆಹಲ್ಲುಗಳು ಒಂದಕ್ಕೊಂದು ತಾಗುವ ಸಂದಿನಲ್ಲಿ ಹುಟ್ಟುವ ಹುಳುಕು ಕನ್ನಡಿಯಲ್ಲಿ ಕಾಣದು. ಅನೇಕ ವೇಳೆ ವೈದ್ಯರ ಕಣ್ಣಿಗೂ ಬೀಳದು. ನೋವು ತಲೆದೋರುವ ಹೊತ್ತಿಗೆ ಅದು ಹಲ್ಲಿನ ಒಳತಿರುಳನ್ನು ಸಮೀಪಿಸಿರುವುದುಂಟು.

ಆದರೂ ಜಯನಗರ, ಬನಶಂಕರಿಗಳ ದಂತಚಿಕಿತ್ಸಾಲಯಗಳಲ್ಲಿ ಕ್ಷ-ಕಿರಣ ಚಿತ್ರದ ಮಾತೆತ್ತಿದೊಡನೆ ಗೃಹಸ್ಥರಿಗೆ ಎರಡು ಶಂಕೆಗಳು ಮೂಡುವುದು ಸಹಜ. ಇದರಿಂದ ದೇಹಕ್ಕೆ ಹಾನಿಯಿಲ್ಲವೆ? ಇದು ವ್ಯರ್ಥ ವೆಚ್ಚವಲ್ಲವೆ?

ಮೊದಲನೆಯ ಶಂಕೆ ನಿರಾಧಾರವಲ್ಲ. ರಾಂಟ್‌ಜೆನ್ ಮಹಾಶಯನು ೧೮೯೫ರ ನವೆಂಬರಿನಲ್ಲಿ ಈ ಕಿರಣವನ್ನು ಕಂಡುಹಿಡಿದ ಕೆಲವೇ ವಾರಗಳಲ್ಲಿ ಜರ್ಮನಿಯ ದಂತವೈದ್ಯ ಆಟೋ ವಾಲ್ಕಾಫ್ ತನ್ನ ಹಲ್ಲುಗಳ ಚಿತ್ರಕ್ಕಾಗಿ ೨೫ ನಿಮಿಷ ಅದಕ್ಕೆ ಮೈಯೊಡ್ಡಿದನು. ಅಮೆರಿಕದ ಎಡ್ಮಂಡ್ ಕೆಲ್ಸ್ ಎಂಬ ದಂತವೈದ್ಯನು ವರ್ಷಗಟ್ಟಲೆ ಕಿರಣಕ್ಕೆ ಕೈಯೊಡ್ಡಿ, ಬೆರಳುಗಳನ್ನೂ ಕೊನೆಗೆ ತೋಳನ್ನೂ ಕಳೆದುಕೊಂಡು ೧೯೨೮ರಲ್ಲಿ ಅಸುನೀಗಿದನು. ಇಂದಾದರೋ ಒಂದು ಸಣ್ಣ ಚಿತ್ರಕ್ಕೆ ಕ್ಷಣದ ಅಲ್ಪಾಂಶವೇ ಸಾಕು. ಅದರಿಂದ ದೊರೆಯುವ ಕಿರಣಾಂಶ, ನೆಲ-ಮುಗಿಲುಗಳಿಂದ ನಮ್ಮ ದೇಹ ಹೆಚ್ಚುಕಡಮೆ ಒಂದು ದಿನದಲ್ಲಿ ಸಹಜವಾಗಿ ಪಡೆಯುವಷ್ಟು ಮಾತ್ರ.

ಇನ್ನು ಪ್ರಯೋಜನದ ಮಾತು. ಖನಿಜದಿಂದ ಗಟ್ಟಿಯಾದ ಭಾಗ ಕಿರಣವನ್ನು ತಡೆದು ಚಿತ್ರದಲ್ಲಿ ಬೆಳ್ಳಗೆ ತೋರುತ್ತದೆ. ಖನಿಜ ಕಳೆದುಕೊಂಡ ಹುಳುಕು ಕಪ್ಪಾಗಿ ಕಾಣುತ್ತದೆ. ವಸಡಿನಡಿ ಸವೆದ ಮೂಳೆ, ಬೇರಿನ ತುದಿಯ ಕೀವು, ಅಡ್ಡಬಿದ್ದ ಬುದ್ಧಿಹಲ್ಲು, ಮಗುವಿನ ಹಾಲುಹಲ್ಲಿನ ಕೆಳಗೆ ಸರದಿ ಕಾಯುತ್ತಿರುವ ಶಾಶ್ವತ ಹಲ್ಲು, ಇವೆಲ್ಲವೂ ಆ ನೆರಳಿನಲ್ಲಿ ಬಯಲಾಗುತ್ತವೆ. ಬೇರಿನ ಚಿಕಿತ್ಸೆ ನಡೆಸುವ ವೈದ್ಯರಿಗೆ ಬೇರಿನ ಉದ್ದವನ್ನೂ ಓರೆಯನ್ನೂ ತಿಳಿಸುವುದು ಇದೇ.

ಹಾಗೆಂದು ಅದು ಸರ್ವಜ್ಞನಲ್ಲ. ಸಾಕಷ್ಟು ಖನಿಜ ಕರಗುವವರೆಗೆ ಎಳೆಯ ಹುಳುಕು ಚಿತ್ರದಲ್ಲಿ ತೋರದು. ಆದುದರಿಂದ ಬಾಯಿಯ ಪರೀಕ್ಷೆ ಮೊದಲು, ಚಿತ್ರ ಅನಂತರ. ಆರು ತಿಂಗಳಿಗೊಮ್ಮೆ ವ್ರತದಂತೆ ಎಲ್ಲರಿಗೂ ತೆಗೆಸುವುದು ಉಚಿತವಲ್ಲ. ಹುಳುಕು ಬೇಗ ಹಿಡಿಯುವವರಿಗೆ ಬೇಗ, ಉಳಿದವರಿಗೆ ತಡವಾಗಿ.

ವೆಚ್ಚಕ್ಕೆ ಅಳುಕುವವರಿಗೆ ೧೯೫೮ರಲ್ಲಿ ಆರಂಭವಾದ ಸರ್ಕಾರಿ ದಂತವೈದ್ಯ ಕಾಲೇಜಿನ ಆಸ್ಪತ್ರೆಯಿದೆ, ಜೆ.ಪಿ. ನಗರದಲ್ಲಿ ಆರ್.ವಿ. ದಂತವೈದ್ಯ ಕಾಲೇಜಿದೆ. ಎಲ್ಲಿಗೆ ಹೋದರೂ ಹಳೆಯ ಚಿತ್ರಗಳನ್ನು ಜೊತೆಗೆ ಒಯ್ಯಬೇಕು. ತೆಗೆದದ್ದನ್ನೇ ಮತ್ತೆ ತೆಗೆಯುವ ಪ್ರಮೇಯ ತಪ್ಪೀತು. ಗರ್ಭಿಣಿಯರು ಮುಂಚಿತವಾಗಿಯೇ ವಿಷಯ ತಿಳಿಸಬೇಕು. ‘ಈ ಚಿತ್ರದಿಂದ ಚಿಕಿತ್ಸೆಯಲ್ಲಿ ಏನು ಬದಲಾದೀತು?’ ಎಂದು ಕೇಳಲು ಯಾರೂ ಸಂಕೋಚಪಡಬೇಕಾಗಿಲ್ಲ. ಒಳ್ಳೆಯ ವೈದ್ಯರು ಚಿತ್ರವನ್ನು ಮುಂದಿಟ್ಟು ಬೆರಳಿಟ್ಟು ತೋರಿಸುತ್ತಾರೆ.