ಕೈ ಹಿಡಿಯುವ ಮುನ್ನ ಕೇಳಿ

ಬಿಳಿ ಕೋಲು ಹಿಡಿದು ರಸ್ತೆಯಂಚಿನಲ್ಲಿ ನಿಂತವರನ್ನು ಕಂಡೊಡನೆ ರಟ್ಟೆ ಹಿಡಿದು ಆಚೆ ದಾಟಿಸಿಬಿಡುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಅವರು ದಾಟಬೇಕಿತ್ತೇ, ಬಸ್ಸಿಗೆ ಕಾಯುತ್ತಿದ್ದರೇ ಎಂದು ಕೇಳುವ ವ್ಯವಧಾನ ಮಾತ್ರ ಇರುವುದಿಲ್ಲ. ಕೋಲಿರುವ ಕೈಯನ್ನೇ ಎಳೆದರೆ ಮುಂದಿನ ಮೆಟ್ಟಿಲು, ಗುಂಡಿ, ಚರಂಡಿಯ ಸುಳಿವು ಅವರಿಗೆ ತಪ್ಪಿಹೋಗುತ್ತದೆ. ಊರುಗೋಲಿನವರ ತೋಳಿಗೆ ಕೈ ಹಾಕಿದರೆ ಆಯ ತಪ್ಪಿ ಬೀಳುವ ಅಪಾಯವೇ ಹೆಚ್ಚು. ಅಂಧರಿಗೆ ನಡೆದಾಡುವ ತರಬೇತಿ ಕೊಡುವವರು ಕಲಿಸುವ ಕ್ರಮವೇ ಬೇರೆ: ಅಂಧರೇ ನಮ್ಮ ಮೊಣಕೈಯ ಮೇಲೆ ಹಿಡಿದು ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ. ನಾವು ತಿರುಗಿದ್ದು, ಮೆಟ್ಟಿಲಿಳಿದದ್ದು ಅವರ ಕೈಗೆ ತಿಳಿಯುತ್ತದೆ. ಬೇಡವೆನಿಸಿದರೆ ಕೈ ಬಿಡುವುದೂ ಅವರಿಗೇ ಸೇರಿದ್ದು. ನೆರವಿನ ಹಿಡಿತ ಪಡೆಯುವವರ ಕೈಯಲ್ಲೇ ಇರಬೇಕು ಎಂಬುದೇ ನನ್ನ ವಾದ.

ಇದು ಬರೀ ಶಿಷ್ಟಾಚಾರದ ಮಾತಲ್ಲ. ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ, ತನ್ನ ಆಯ್ಕೆ ತಾನೇ ಮಾಡಿಕೊಳ್ಳುವ ಸ್ವಾತಂತ್ರ್ಯವನ್ನು ಮೊದಲ ತತ್ವದಲ್ಲೇ ಸೇರಿಸಿದೆ. ಅದೇ ಹಕ್ಕುಗಳ ಕುರಿತ 2016ರ ನಮ್ಮ ಕಾಯ್ದೆಯೂ ಅದನ್ನು ಒಪ್ಪಿಕೊಂಡಿದೆ. ಮತಯಂತ್ರದ ಗುಂಡಿಗಳ ಪಕ್ಕದಲ್ಲಿ ಬ್ರೈಲ್ ಅಂಕಿಗಳಿರುವುದು ಅಂಧರು ತಾವೇ ಮತ ಹಾಕಲೆಂದು. ಅಗತ್ಯವಿದ್ದವರು ಜೊತೆಗಾರರನ್ನು ಕರೆತರಲು ಚುನಾವಣಾ ನಿಯಮದಲ್ಲಿ ಅವಕಾಶವಿದೆ, ಆದರೆ ಅದು ಅವಕಾಶವೇ ಹೊರತು ಕಡ್ಡಾಯವಲ್ಲ. ಅಂಧ ಗ್ರಾಹಕರಿಗೂ ಚೆಕ್ ಪುಸ್ತಕ, ಎಟಿಎಂ ಸೌಲಭ್ಯವನ್ನು ತಾರತಮ್ಯವಿಲ್ಲದೆ ಕೊಡಿ ಎಂದು ರಿಸರ್ವ್ ಬ್ಯಾಂಕ್ 2008ರಲ್ಲೇ ಸೂಚಿಸಿದೆ. ಹೀಗಿರುವಾಗ ಕೌಂಟರಿನಲ್ಲಿ ಎದುರಿಗಿರುವವರನ್ನು ಬಿಟ್ಟು, ಜೊತೆಗೆ ಬಂದವರನ್ನು ‘ಇವರಿಗೇನು ಬೇಕು?’ ಎಂದು ಕೇಳುವುದನ್ನು ಕಾಳಜಿ ಎನ್ನಲಾಗದು. ಕಾಲಿಲ್ಲದವರಿಗೆ ಮಾತೂ ಇಲ್ಲವೇ!

ಇಷ್ಟೆಲ್ಲ ಕಟ್ಟುಪಾಡು ಹೇಳಿದರೆ ಯಾರೂ ಹತ್ತಿರ ಸುಳಿಯಲಾರರು, ಒಳ್ಳೆಯ ಮನಸ್ಸಿನವರೂ ಹಿಂಜರಿಯುತ್ತಾರೆ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿಲ್ಲದಿಲ್ಲ, ಕಂಡೂ ಕಾಣದಂತೆ ಹೋಗುವವರಿಗಿಂತ ಧಾವಿಸಿ ಬರುವವರು ಎಷ್ಟೋ ಮೇಲು. ಆದರೆ ‘ಸಹಾಯ ಬೇಕಾ? ಹೇಗೆ ಮಾಡಲಿ?’ ಎಂದು ಕೇಳಿ, ಉತ್ತರಕ್ಕೆ ಕಾಯಲು ಅರ್ಧ ನಿಮಿಷವೂ ಬೇಡ. ಲಾರಿ ಮೈಮೇಲೆ ಬರುತ್ತಿದ್ದರೆ ಯಾರನ್ನಾದರೂ ಕೇಳದೆಯೇ ಎಳೆಯುತ್ತೇವೆ, ಅದಕ್ಕೂ ಅಂಗವೈಕಲ್ಯಕ್ಕೂ ಸಂಬಂಧವಿಲ್ಲ. ‘ಬೇಡ’ ಎಂದವರು ಸೊಕ್ಕಿನವರು ಎಂಬ ದೂರನ್ನಂತೂ ಒಪ್ಪಲಾರೆ. ದಿನಕ್ಕೆ ಹತ್ತಾರು ಕೈಗಳು ಹೇಳದೆ ಕೇಳದೆ ವ್ಹೀಲ್‌ಚೇರ್ ತಳ್ಳಿದರೆ ಯಾರಿಗಾದರೂ ರೇಗದೆ ಇರದು. ಬೇಡವೆಂದರೆ ಅಲ್ಲಿಗೆ ಬಿಡಿ. ಬೇಕೆಂದರೆ ಅವರು ಹೇಳಿದಂತೆ, ಹೇಳಿದಷ್ಟೇ ಮಾಡಿ. ಸುಮ್ಮನಿರಲಾಗದಿದ್ದರೆ, ಅವರ ದಾರಿಗಡ್ಡವಾಗಿ ಫುಟ್‌ಪಾತಿನ ಮೇಲೆ ನಿಲ್ಲಿಸಿರುವ ನಿಮ್ಮ ಬೈಕನ್ನು ಮೊದಲು ತೆಗೆಯಿರಿ.